ಬಾವಿ ಅಲ್ಲ ಕಣ

“ಗುಂಡು ಬುಡಿ ಲಾಯರಮ್ಮ,” ಎಂದ ತೆಪ್ಪದ ರಂಗಸ್ವಾಮಿ. “ದಾರ ವಸಿ ಸಡ್ಲ ಇರ್ಲಿ. ತಳ ಮುಟ್ತು ಅಂದ್ರೆ ಕೈಗೇ ಗೊತ್ತಾಯ್ತದೆ.”

ಬಿಟ್ಟೆ. ಸೀಸದ ಗುಂಡು ಹೇಮಾವತಿಯ ಹಿನ್ನೀರಿಗೆ ಇಳಿಯಿತು. ತೆಪ್ಪ ಒಂದು ಸುತ್ತು ತಿರುಗಿತು. ಈಜು ಬಾರದವಳು ನಾನು. ಕರಿಕೋಟು ಹಾಕಿಕೊಂಡು ಕೋರ್ಟಿನಲ್ಲಿ ಕೂಗಾಡುವುದು ಬೇರೆ, ಜೂನ್ ತಿಂಗಳ ಗಾಳಿಯಲ್ಲಿ ಬಿದಿರಿನ ಬುಟ್ಟಿಯೊಳಗೆ ಕೂರುವುದು ಬೇರೆ.

ಕೇದಾರ್ ಕಾಣೆಯಾಗಿ ವಾರವಾಗುತ್ತ ಬಂದಿತ್ತು. ಅವನ ಹಳದಿ ಕಯಾಕ್ ದೋಣಿ ಮಾತ್ರ, ಒಳಗೆ ಆಳಿಲ್ಲದೆ, ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ತಿರುಮಲಾಪುರದ ಬಾವಿಯ ಹತ್ತಿರ ತೇಲುತ್ತ ಸಿಕ್ಕಿತ್ತು. ಅವನನ್ನು ನೀರಿಗೆ ತಳ್ಳಿದ್ದು ಗೆಳೆಯ ಕುಮಾರನೇ ಎಂಬ ಅನುಮಾನದ ಮೇಲೆ ಪೊಲೀಸರು ಕುಮಾರನನ್ನು ಒಳಗೆ ಹಾಕಿದ್ದರು. ಕುಮಾರ್ ನನ್ನ ಕಕ್ಷಿದಾರ. ಆದರೆ ನನ್ನ ನಿದ್ದೆ ಕೆಡಿಸಿದ್ದ ಪ್ರಶ್ನೆ ಅವನದಲ್ಲ. ಕೇದಾರ್ ಬದುಕಿದ್ದಾನೆಯೇ? ಅಷ್ಟೇ.

ದಾರ ಸಡಿಲವಾಯಿತು. ಮೇಲಕ್ಕೆಳೆದೆ.

ಗುಂಡಿನ ತಳದಲ್ಲಿ ಒಂದು ಗುಳಿ, ಅದರಲ್ಲಿ ಬಟ್ಟೆಸೋಪು ಮೆತ್ತಿತ್ತು. ಇಳಿಸಿದ ಕಡೆ ತಳದಲ್ಲಿ ಏನಿದೆಯೋ ಅದರ ಚೂರು ಸೋಪಿಗೆ ಅಂಟಿ ಮೇಲೆ ಬರುತ್ತದೆ. ಕೆಸರಾದರೆ ಕೆಸರು, ಮರಳಾದರೆ ಮರಳು. ಕೇದಾರ್ ಮಲ್ಪೆಯ ಕಡೆ ಬ್ಯಾಂಕಿನಲ್ಲಿದ್ದಾಗ ಕಡಲಿನವರಿಂದ ಕಲಿತ ವಿದ್ಯೆ ಇದು. ರಜೆ ಬಂತೆಂದರೆ ಕಯಾಕ್ ಹತ್ತಿ ಕಡಲಿಗಿಳಿದು, ಎಲ್ಲಿ ಬಂಡೆ, ಎಲ್ಲಿ ಮೀನು ಎಂದು ಜಾಗ ಹುಡುಕುವುದೇ ಅವನ ಹುಚ್ಚು. ಹಾಸನಕ್ಕೆ ವರ್ಗವಾದಾಗ ಕಡಲು ಅಲ್ಲೇ ಉಳಿಯಿತು, ಹುಚ್ಚು ಲಾರಿ ಹತ್ತಿ ಜೊತೆಗೆ ಬಂತು.

ಅದೂ ಎಂಥ ಹುಡುಗ! ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಅಯ್ಯಂಗಾರರ ಮನೆಯವನು. ಹಿಡಿದ ಮೀನನ್ನು ವಾಪಸ್ ನೀರಿಗೇ ಬಿಡುತ್ತಿದ್ದನಂತೆ. ತನ್ನ ಜನ್ಮದಲ್ಲಿ ಇಂಥ ದಂಡದ ಕೆಲಸ ನೋಡಿಲ್ಲ ಎಂದು ರಂಗಸ್ವಾಮಿ ಬೆಳಗಿನಿಂದ ಮೂರು ಸಲ ಹೇಳಿಯಾಗಿತ್ತು.

ಸೋಪಿಗೆ ಕರೀ ಕೆಸರು ಅಂಟಿತ್ತು. ಒಂದಿಷ್ಟು ಗಾರೆ. ನನಗೆ ಬೇಕಾದದ್ದು ಅದಲ್ಲ.

“ಏನ್ ಉಡುಕ್ತಿದ್ದೀರಿ ನೀವು?” ಎಂದ ರಂಗಸ್ವಾಮಿ.

“ಹಸಿರು ಬಣ್ಣ.”

ಅವನು ನನ್ನನ್ನೂ ಕೇದಾರನಂಥ ಹುಚ್ಚರ ಪಟ್ಟಿಗೇ ಸೇರಿಸಿದಂತೆ ನೋಡಿದ.

ಹಿಂದಿನ ದಿನ ಠಾಣೆಯ ಹಿತ್ತಲಲ್ಲಿ ಆ ಕಯಾಕ್ ನೋಡಿದ್ದೆ. ಕೇದಾರನ ಗುಂಡು ಅದರೊಳಗೇ ಬಿದ್ದಿತ್ತು. ಅದರ ಸೋಪಿನಲ್ಲಿ ಉಗುರಿನಷ್ಟು ಅಗಲದ ಹಸಿರು ಬಣ್ಣದ ಚಕ್ಕೆ ಕಚ್ಚಿಕೊಂಡಿತ್ತು. ಕೆಸರಿಗೆ ಯಾರೂ ಬಣ್ಣ ಬಳಿಯುವುದಿಲ್ಲ. ನೀರಿನ ತಳದಲ್ಲಿ ಬಣ್ಣ ಬಳಿದ ವಸ್ತು ಏನೋ ಇದೆ, ಕೇದಾರನ ಗುಂಡು ಅದಕ್ಕೆ ಬಡಿದಿದೆ.

ಆಚೆ ಬಾವಿಯ ಮೇಲೆ ಮೋಟಾರು ದೋಣಿ ನಿಂತಿತ್ತು. ಮುಳುಗುಗಾರರು ಇಳಿಯುತ್ತಿದ್ದರು, ಏಳುತ್ತಿದ್ದರು, ತಲೆಯಾಡಿಸುತ್ತಿದ್ದರು. ಸಬ್ ಇನ್‌ಸ್ಪೆಕ್ಟರ್ ಗಂಗಾಧರಯ್ಯ ಕೊಡೆ ಹಿಡಿದು ಕೂತಿದ್ದರು. ಬಾವಿಯನ್ನು ಬಿಟ್ಟು ಅವರು ಅಲುಗಿರಲಿಲ್ಲ. ಅದಕ್ಕೆ ಕಾರಣ ಆ ಫೋನು.

ಕಾಣೆಯಾದ ಮಧ್ಯಾಹ್ನ ಕೇದಾರ್ ನೀರಿನ ಮೇಲಿಂದಲೇ ಹಾಸನದ ಮನೆಗೆ, ತಾಯಿ ಶ್ರೀರಂಗಮ್ಮನಿಗೆ ಮೊಬೈಲಿನಿಂದ ಮಾತಾಡಿದ್ದ. ಗರಗರ ಸದ್ದಿನ ನಡುವೆ ಆಕೆಗೆ ಕೇಳಿಸಿದ್ದು ಇಷ್ಟೇ: “ಬಾವಿ ಅಲ್ಲ ಕಣ.” ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು. ಸಂಜೆ ಖಾಲಿ ಕಯಾಕ್ ಸಿಕ್ಕಿತು.

ಗಂಗಾಧರಯ್ಯ ಅರಕಲಗೂಡಿನ ಕಡೆಯವರು. ಆಕೆಯ ಬಾಯಲ್ಲಿ ಆ ಮಾತು ಕೇಳಿದ್ದೇ ತಡ, ಬಿಡಿಸಿಬಿಟ್ಟರು. ಹೆತ್ತ ತಾಯಿಗೆ ಯಾರೂ ‘ಅಲ್ಲ ಕಣ’ ಎನ್ನುವುದಿಲ್ಲ. ಪಕ್ಕದಲ್ಲಿ ಸಲಿಗೆಯವನೊಬ್ಬನಿದ್ದ, ಅವನಿಗೆ ಅಂದದ್ದು ಫೋನಿನಲ್ಲಿ ಕೇಳಿಸಿದೆ. ಬಾವಿಯ ಮೇಲೇ ನಿಂತು ಮಾತಾಡಿದ್ದಾರೆ ಎಂದಮೇಲೆ ಹೆಣವೂ ಬಾವಿಯಲ್ಲೇ ಇರಬೇಕು. ಸಲಿಗೆಯವನು ಎಂದರೆ ಕುಮಾರ್. ದಡದಲ್ಲಿ ಗಾಳ ಹಾಕುವವರಿಗೊಂದು ಶಿಬಿರ ತೆರೆಯಬೇಕೆಂದಿದ್ದವನು ಅವನೇ, ಅದಕ್ಕೆ ಜಾಗ ಹುಡುಕಿಕೊಡಲು ಕೇದಾರನನ್ನು ಕರೆತಂದವನೂ ಅವನೇ.

ಸತ್ಯ ಹೇಳಬೇಕೆಂದರೆ ನನಗೂ ಅದು ಸರಿ ಎನಿಸಿತ್ತು. ನಾನು ದಂಡಿಗನಹಳ್ಳಿ ಹೋಬಳಿಯಲ್ಲಿ ಬೆಳೆದವಳು. ಅಪ್ಪ ಅಲ್ಲಿ ಮೇಷ್ಟ್ರು, ಜೊತೆಗೆ ಆಡಿದವರೆಲ್ಲ ಒಕ್ಕಲುಮಕ್ಕಳು. ಕಣ ಎನ್ನುವುದು ನನ್ನ ಕಿವಿಗೆ ಮಾತಿನ ಬಾಲ, ಇದ್ದರೂ ಕೇಳಿಸದು.

“ಬಾವಿ ತಾವ ಏನೂ ಇಲ್ಲ ಬುಡಿ,” ಎಂದ ರಂಗಸ್ವಾಮಿ, ಹುಟ್ಟು ಹಾಕುತ್ತ. “ಮೀನೇ ನಿಲ್ಲಕಿಲ್ಲ ಇಲ್ಲಿ. ಮೀನಿರೋದು ಅಗಾ, ಆ ಕಡೀಕೆ. ಎರಡು ವರ್ಸದಿಂದ ಅಲ್ಲಿ ಬಾಳೆಮೀನು ಜಮಾಯಿಸ್ಬುಟ್ಟವೆ. ಮೊದ್ಲು ಇರ್ನಿಲ್ಲ.”

“ಆ ಕಡೆ ನೀರಿನಡಿ ಏನಿದೆ?”

“ಏನೈತೆ, ಏನೂ ಇಲ್ಲ. ಬರೀ ಬಯಲು. ಅಯ್ನೋರ ಮನೆ ಹಿತ್ಲಿಂದಾಚೆ. ಅದು ಕಣ ಕಣವ್ವ.”

ಕೈಯಲ್ಲಿದ್ದ ದಾರ ಜಾರಿತು.

“ಇನ್ನೊಂದು ಸಲ ಹೇಳು ರಂಗಸ್ವಾಮಿ.”

“ಏನ?”

“ಈಗ ಹೇಳಿದ್ದು.”

“ಕಣ ಕಣವ್ವ. ಒಕ್ಕಣೆ ಮಾಡ್ತಿರ್ನಿಲ್ವಾ, ಭತ್ತ ಬಡಿಯೋ ಕಣ. ಯಾಕೆ, ನಿಮ್ಮೂರ್ ಕಡೆ ಕಣ ಇಲ್ವಾ?”

ಇದೆ. ನಮ್ಮೂರಲ್ಲೂ ಕಣವಿದೆ. ಸಗಣಿ ಸಾರಿಸಿದ ಆ ಕಣದಲ್ಲೇ ನಾನು ಕುಂಟೆಬಿಲ್ಲೆ ಆಡಿ ಬೆಳೆದದ್ದು. ಆದರೂ ಒಂದು ವಾರದಿಂದ ಆ ಮಾತನ್ನು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದವಳಿಗೆ ಅದು ಹೊಳೆದಿರಲಿಲ್ಲ. ಕೇದಾರ್ ‘ಬಾವಿ ಅಲ್ಲ ಕಣ’ ಎಂದು ಯಾರಿಗೋ ಸಲಿಗೆಯಿಂದ ಅಂದದ್ದಲ್ಲ. ಬಾವಿ ಅಲ್ಲ. ಕಣ.

ಅಮ್ಮನಿಗೇ ಹೇಳಿದ್ದ. ತಿರುಮಲಾಪುರ ಆ ಅಮ್ಮ ಹುಟ್ಟಿದ ಊರು, ರಂಗಸ್ವಾಮಿ ಹೇಳಿದ ಅಯ್ನೋರ ಮನೆಯೇ ಆಕೆಯ ತವರು. ಗುಡಿ ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ಆಕೆ ನೆನಪಿನಿಂದ ಹೇಳುತ್ತ ಹೋದಂತೆ ಮಗ ನೀರ ಮೇಲೆ ಹುಡುಕುತ್ತ ಹೋಗಿದ್ದ.

ಮೊಬೈಲ್ ತೆಗೆದೆ. ತೆಪ್ಪ ಒಂದು ಕಡೆಗೆ ವಾಲಿದಾಗ ಒಂದೇ ಒಂದು ಗೀಟು ನೆಟ್‌ವರ್ಕ್ ಬಂತು. ಕುಮಾರನ ಹೆಂಡತಿ ಸಿಂಧು ಎತ್ತಿದಳು.

“ಕೇದಾರ್ ನಿಮ್ಮ ಯಜಮಾನರ ಜೊತೆ ಹೇಗೆ ಮಾತಾಡ್ತಿದ್ರು? ಬಾ ಕಣ, ಹೋಗು ಕಣ ಅಂತಿದ್ರಾ?”

“ಅಯ್ಯೋ ಇಲ್ಲ ಮೇಡಂ. ‘ಕಣೋ, ಕಣೋ’ ಅಂತ ಪುಳಿಚಾರ್ ಮಾತು. ನಮ್ಮೋರು ‘ಲೇ, ಕಣ್ಲಾ ಅನ್ನೋದ್ ಕಲಿ’ ಅಂತ ರೇಗಿಸೋರು. ಎಷ್ಟ್ ತಿಪ್ಪರಲಾಗ ಹಾಕಿದ್ರೂ ಅವ್ರ ಬಾಯಲ್ಲಿ ಬತ್ತಿರ್ಲಿಲ್ಲ. ಯಾಕ್ ಮೇಡಂ, ನಮ್ಮೋರ್ನ ಬುಡ್ತಾರಾ?”

ಉತ್ತರ ಕೊಡುವ ಮೊದಲೇ ಆ ಗೀಟೂ ಹೋಯಿತು.

“ಕಣದ ಮೇಲೆ ನಡಿ,” ಎಂದೆ.

ರಂಗಸ್ವಾಮಿ ಗುರುತು ಹಿಡಿದು ತೆಪ್ಪ ನಿಲ್ಲಿಸಿದ. ದಡದ ಜೋಡಿ ತೆಂಗಿನಮರ ಒಂದರ ಹಿಂದೊಂದು ಸರಿದು ಒಂದೇ ಮರವಾಗಿ ಕಾಣುವ ಜಾಗ. ಗುಂಡು ಬಿಟ್ಟೆ. ದಾರ ಇಳಿಯುತ್ತಿದ್ದಷ್ಟು ಹೊತ್ತೂ ದೇವರೇ ಅದು ಬೇಡ, ಅದೊಂದು ಬೇಡ ಎಂದುಕೊಳ್ಳುತ್ತಿದ್ದೆ. ಬಟ್ಟೆಯ ಎಳೆಯೋ ಕೂದಲೋ ಅಂಟಿ ಬಂದರೆ ಆ ತಾಯಿಗೆ ಹೇಗೆ ಮುಖ ತೋರಿಸಲಿ?

ನಾನೆಣಿಸಿದ್ದಕ್ಕಿಂತ ಬೇಗನೆ ಗುಂಡು ತಗುಲಿತು. ಠಣ್ ಎಂದದ್ದು ಕಿವಿಗೆ ಕೇಳಿಸಲಿಲ್ಲ, ದಾರ ಹಿಡಿದ ಬೆರಳಿಗೆ ಬಂತು. ಒಂದು ಮಾರು ಆಚೆ ಬಿಟ್ಟೆ. ಮತ್ತೆ ಠಣ್. ಇನ್ನೊಂದು ಕಡೆ ಬಿಟ್ಟಾಗ ಗುಂಡು ಜಾರಿ ಇನ್ನೂ ಕೆಳಕ್ಕಿಳಿಯಿತು. ಮೇಲಕ್ಕೆಳೆದರೆ ಸೋಪಿನ ತುಂಬ ಹಸಿರು.

ರಂಗಸ್ವಾಮಿ ಆ ಬಣ್ಣವನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದ. 

“ಲಾಯರಮ್ಮ, ಅಯ್ನೋರ ಅಳಿಯ ಸಂಪತ್ಕುಮಾರಯ್ನೋರ ಕಾರು ಅಸ್ರುದಲ್ವಾ?”

ಕೇದಾರನ ತಂದೆ ಸಂಪತ್ಕುಮಾರ. ಎರಡು ವರ್ಷದ ಹಿಂದೆ ತಮ್ಮ ಹಸಿರು ಅಂಬಾಸಿಡರ್ ಹತ್ತಿ ಹೋದವರು ಮನೆಗೆ ಮರಳಿರಲಿಲ್ಲ. ಸಂನ್ಯಾಸ ತೆಗೆದುಕೊಂಡರು ಎಂದಿದ್ದರು ಕೆಲವರು. ಉತ್ತರದ ಕಡೆ ಕಂಡೆವು ಎಂದಿದ್ದರು ಇನ್ನು ಕೆಲವರು. ಶ್ರೀರಂಗಮ್ಮ ಎರಡು ವರ್ಷವೂ ಹಣೆಗೆ ಕುಂಕುಮ, ಮುಡಿಗೆ ಮಲ್ಲಿಗೆ ತಪ್ಪಿಸದೆ ಬಾಗಿಲು ನೋಡುತ್ತಿದ್ದರು.

“ಆ ವರ್ಸ ಬರ ಅಲ್ವಾ,” ಎಂದ ರಂಗಸ್ವಾಮಿ, ಮೆಲ್ಲಗೆ. “ನೀರು ತಳ ಕಂಡಿತ್ತು. ಇಡೀ ಊರು ಮ್ಯಾಕೆದ್ದಿತ್ತು. ಹಳೇ ಒಕ್ಲೆಲ್ಲ ಕಾರು ಜೀಪು ಮಾಡ್ಕಂಡು ಊರು ನೋಡಕ್ ಬಂದ್ರು. ಆಮ್ಯಾಕೆ ಮಳೆ ಹಿಡೀತು ನೋಡಿ, ಒಂದೇ ರಾತ್ರೀಲಿ ಎಲ್ಲಾ ಮುಚ್ಕಂತು. ಯಾರು ಬಂದ್ರು, ಯಾರು ಓದ್ರು, ಯಾರ್ ನೋಡಿದ್ರು.”

ನಮ್ಮ ಕಾಲಡಿ, ನೀರಿನ ತಳದಲ್ಲಿ, ಒಂದು ಕಾರು ನಿಂತಿತ್ತು. ಮಗ ಮೀನಿನ ಜಾಗ ಹುಡುಕುತ್ತ ಬಂದು ಅಪ್ಪನ ಕಾರಿನ ಚಾವಣಿಗೆ ಗುಂಡು ಬಡಿದಿದ್ದ.

ದೋಣಿಯ ಹತ್ತಿರ ಹೋಗಿ ಗಂಗಾಧರಯ್ಯನವರಿಗೆ ಹೇಳಿದೆ. ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

“ನೀರು ಏರ್ತಾ ಐತೆ ಮೇಡಂ. ಮೊದ್ಲು ಬಾವಿ ಮುಗಿಸ್ತೀನಿ. ಆಮೇಲೆ ನಿಮ್ಮ ಕಣ.”

“ಸಾರ್, ಅವತ್ತು ಶ್ರೀರಂಗಮ್ಮನವರು ಆ ಮಾತು ಹೇಳಿದಾಗ ಪಕ್ಕದಲ್ಲಿ ಬೇರೆ ಯಾರಿದ್ರು?”

“ಅವ್ರ ತಮ್ಮ ಮುರಳೀಕೃಷ್ಣ ಮೇಷ್ಟ್ರು. ಪಾಪ, ಕುಮಾರನ ಹೆಸ್ರು ಜ್ಞಾಪಿಸಿದ್ದೇ ಅವ್ರು. ‘ಹೌದು ಸಾರ್, ಅವನ ಜೊತೆ ಕೇದಾರ್ ಹಂಗೇ ಮಾತಾಡೋದು’ ಅಂದ್ರು.”

ಗಾಳಿ ಜೋರಾಯಿತು. ನನಗೆ ಚಳಿಯಾಯಿತು ಎಂದುಕೊಂಡೆ. ಚಳಿಯಲ್ಲ, ಹೆದರಿಕೆ.

*

ಮುರಳೀಕೃಷ್ಣ ಹೊಳೆನರಸೀಪುರದಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಧ್ಯಾಹ್ನ ಬಸ್ಸಿಳಿದು ನಾನು ಹೋದಾಗ ಜಗಲಿಯ ಮೇಲೆ ಕೂತು ಅವತ್ತಿನ ಪೇಪರನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಅದು ಅವರ ನಿತ್ಯದ ಅಭ್ಯಾಸ. ಮೊದಲ ಪುಟದಲ್ಲೇ ಆರೇಳು ಕಡೆ ಸುತ್ತು ಹಾಕಿಯಾಗಿತ್ತು. ಪಕ್ಕದಲ್ಲಿ ಮೊಬೈಲು, ಕನ್ನಡಕದ ಪೆಟ್ಟಿಗೆ, ಕಾರಿನ ಕೀಲಿಕೈ. ಅಂಗಳದಲ್ಲಿ ಬಿಳಿ ಮಾರುತಿ.

“ಬನ್ನಿ ಮೈತ್ರೇಯಿಯವರೇ, ಕೂತ್ಕೊಳ್ಳಿ. ಏನಾದ್ರೂ ಗೊತ್ತಾಯ್ತಾ ನಮ್ಮ ಹುಡುಗನ ವಿಷಯ?”

ಕಣ್ಣಲ್ಲಿ ನಿಜವಾದ ಆತಂಕವಿತ್ತು. ಅದನ್ನು ನೋಡಿ ನನಗೆ ನನ್ನ ಮೇಲೆಯೇ ಅನುಮಾನ ಬಂತು. ಸೋದರಳಿಯನನ್ನು ಎತ್ತಿ ಆಡಿಸಿದ ಮನುಷ್ಯ.

“ಹುಡುಕ್ತಿದ್ದೀವಿ ಸಾರ್. ನಿನ್ನೆ ಹಾಸನದಲ್ಲಿ ನಿಮ್ಮ ಅಕ್ಕನ್ನ ನೋಡಿದೆ. ಅವರ ಮನಸ್ಥಿತಿ...”

“ಮನಃಸ್ಥಿತಿ,” ಎಂದರು. “ವಿಸರ್ಗ ಬಿಡಬಾರದು. ಕ್ಷಮಿಸಿ, ಹಳೇ ಚಾಳಿ.”

“ಪರವಾಗಿಲ್ಲ ಸಾರ್. ನಾನು ಬಂದಿದ್ದೂ ಪಾಠ ಹೇಳಿಸ್ಕೊಳ್ಳೋಕೇ. ಒಂದು ವಾಕ್ಯ ಬಿಡಿಸಿ ಹೇಳಬೇಕು. ‘ಬಾವಿ ಅಲ್ಲ ಕಣ.’”

ಅವರು ಪೇಪರ್ ಮಡಿಸಿದರು.

“ಅದರಲ್ಲಿ ಬಿಡಿಸೋದೇನಿದೆ? ಕಣ ಅನ್ನೋದು ಮಾತಿಗೆ ಒತ್ತು ಕೊಡೋಕೆ ಹಾಕೋದು. ನಮ್ಮ ಕಡೆ ಎಲ್ಲರೂ ಹಾಕ್ತಾರೆ.”

“ನಿಮ್ಮ ಮನೇಲಿ?”

“ಅಂದ್ರೆ?”

“ನಿಮ್ಮ ಮನೇಲಿ ಹೇಗೆ ಅಂತೀರಿ ಸಾರ್? ನೀವು, ಅಕ್ಕ, ಕೇದಾರ್.”

“ಕಣೋ ಅಂತೀವಿ. ಹೆಂಗಸರಿಗೆ ಕಣೇ.”

“ಕೇದಾರ್ ಯಾವತ್ತಾದ್ರೂ ಬರೀ ‘ಕಣ’ ಅಂದಿದ್ದು ಕೇಳಿದ್ದೀರಾ?”

“ಸ್ನೇಹಿತರ ಜೊತೆ ಅಂದಿರಬಹುದು. ಸಹವಾಸದಿಂದ ಭಾಷೆ ಬದಲಾಗುತ್ತೆ.”

“ಬದಲಾಗಿರಲಿಲ್ಲವಂತೆ. ಕುಮಾರನ ಹೆಂಡತಿ ಹೇಳಿದ್ರು. ನೀವು ಹುಟ್ಟಿದ ಮನೆ ತಿರುಮಲಾಪುರದಲ್ಲಿ ಅಲ್ವಾ ಸಾರ್?”

“ಹೌದು. ಅಣೆಕಟ್ಟು ಬಂತು, ಊರು ಬಿಟ್ವಿ.”

“ಮನೆ ಹಿಂದೆ ಏನಿತ್ತು?”

“ಹಿತ್ತಿಲು.”

“ಹಿತ್ತಿಲಿನ ಆಚೆ?”

ಒಳಗೆ ಯಾರೋ ಪಾತ್ರೆ ಇಟ್ಟ ಸದ್ದು. ಬೀದಿಯಲ್ಲಿ ತೆಂಗಿನಕಾಯಿ ಹೇರಿದ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಮೇಷ್ಟ್ರು ಅದನ್ನೇ ನೋಡುತ್ತ ಕೂತರು.

ಪರ್ಸಿನಿಂದ ಸೋಪಿನ ಚೂರು ತೆಗೆದು ಅವರು ಮಡಿಸಿಟ್ಟ ಪೇಪರಿನ ಮೇಲೆ ಇಟ್ಟೆ. ಹಸಿರು ಇನ್ನೂ ಒದ್ದೆಯಾಗಿತ್ತು.

“ಕಣ, ಸಾರ್. ನಿಮ್ಮ ಮನೆ ಕಣ. ಇದು ಅಲ್ಲಿಂದ ಇವತ್ತು ಬೆಳಿಗ್ಗೆ ಎತ್ತಿದ್ದು.”

ಅವರು ಮುಟ್ಟಲಿಲ್ಲ.

“ಇನ್‌ಸ್ಪೆಕ್ಟರು ತಪ್ಪು ಮಾಡಿದ್ರು. ನಾನೂ ಮಾಡಿದೆ. ನಾವು ಆ ಮಾತಿನಲ್ಲೇ ಹುಟ್ಟಿ ಬೆಳೆದವರು, ನಮಗೆ ಆ ತಪ್ಪು ಸಹಜ. ನಿಮಗೆ ಸಹಜ ಅಲ್ಲ. ನಿಮ್ಮ ಮನೆ ಮಾತಿನಲ್ಲಿ ಕಣ ಅಂದ್ರೆ ಕಣ ಒಂದೇ. ಊರ ಪೇಪರನ್ನೆಲ್ಲ ತಿದ್ದೋ ನೀವು ಅವತ್ತು ಇನ್‌ಸ್ಪೆಕ್ಟರನ್ನ ಯಾಕೆ ತಿದ್ದಲಿಲ್ಲ? ತಿದ್ದೋದಿರ್ಲಿ, ಹೌದು ಹೌದು ಅಂತ ಕುಮಾರನ ಹೆಸರು ಕೊಟ್ರಿ. ಕಣದಲ್ಲಿ ಏನಿದೆ ಅಂತ ಗೊತ್ತಿದ್ದವರು ಮಾತ್ರ ಹಾಗೆ ಮಾಡೋಕೆ ಸಾಧ್ಯ.”

ಹೇಳಿ ಮುಗಿಸಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು ಎಂದರೆ ಸುಳ್ಳಲ್ಲ. ಕೋರ್ಟಿನಲ್ಲಿ ಎದುರಿನ ಸಾಕ್ಷಿ ಉಗುಳು ನುಂಗಿದಾಗ ಆಗುವ ಹೆಮ್ಮೆ. ಆ ಹೆಮ್ಮೆಗೆ ಬೆಂಕಿ ಬೀಳಲಿ.

ಮುರಳೀಕೃಷ್ಣ ಪೆನ್ನಿಗೆ ಮುಚ್ಚಳ ಹಾಕಿದರು. ಕನ್ನಡಕ ತೆಗೆದು ಒರೆಸಿದರು. 

“ಚೆನ್ನಾಗಿ ಬಿಡಿಸಿದ್ದೀರಿ,” ಎಂದರು. “ಆದ್ರೆ ಒಂದು ಬಿಟ್ಟಿದ್ದೀರಿ. ಕರ್ತೃ.”

“ಏನು?”

“ಕರ್ತೃಪದ, ಮೈತ್ರೇಯಿಯವರೇ. ಆ ಮಾತನ್ನ ಫೋನಿನಲ್ಲಿ ಕೇಳಿಸ್ಕೊಂಡಿದ್ದು ನಾನಲ್ಲ. ಪೊಲೀಸರ ಮುಂದೆ ಹೇಳಿದ್ದೂ ನಾನಲ್ಲ. ಅಕ್ಕ. ಅವಳೂ ಅದೇ ಮನೇಲಿ ಹುಟ್ಟಿದವಳು. ಆ ಕಣದಲ್ಲಿ ಭತ್ತ ಹರಡಿ ಗುಬ್ಬಿ ಕಾದವಳು. ಅವಳ ಕಿವಿಗೂ ಕಣ ಅಂದ್ರೆ ಕಣ ಒಂದೇ. ತಿದ್ದದೇ ಇರೋದು ಅಪರಾಧ ಆದ್ರೆ, ಅವಳ್ಯಾಕೆ ತಿದ್ದಲಿಲ್ಲ ಹೇಳಿ ನೋಡೋಣ.”

ನನ್ನ ಬಾಯಿ ಕಟ್ಟಿಹಾಕಲು ಎಸೆದ ಮಾತು ಅದು.  ಆದರೆ ಅಷ್ಟಕ್ಕೇ ನಿಲ್ಲಲಿಲ್ಲ.

ಅವರ ಮುಖ ನೋಡುತ್ತಿದ್ದೆ. ಗೆದ್ದವನ ಸಣ್ಣ ನಗೆಯೊಂದು ತುಟಿಗೆ ಬಂದಿತ್ತು. ಅದು ಅಲ್ಲೇ ನಿಂತಿತು. ತಾವು ಕೇಳಿದ ಪ್ರಶ್ನೆಯನ್ನು ಅವರ ಕಿವಿಯೂ ಕೇಳಿಸಿಕೊಂಡಿತ್ತು. ಒಂದು ವಾರದಿಂದ ಅವರಿಗೂ ಹೊಳೆದಿರದ ಪ್ರಶ್ನೆ.

ಅಕ್ಕ ಯಾಕೆ ತಿದ್ದಲಿಲ್ಲ?

ನನಗೂ ಆ ಕ್ಷಣದಲ್ಲೇ ತಿಳಿಯಿತು. ನಾನು ಇವತ್ತು ತೆಪ್ಪದಲ್ಲಿ ಒದ್ದಾಡಿ ಕಂಡುಹಿಡಿದದ್ದನ್ನು ಆ ತಾಯಿ ಅವತ್ತು ಸಂಜೆಯೇ ಕಂಡುಹಿಡಿದಿದ್ದರು. ಇನ್‌ಸ್ಪೆಕ್ಟರು ತಪ್ಪು ತಿಳಿದಾಗ ತಿದ್ದಲು ಬಾಯಿ ತೆರೆದಿರಬೇಕು. ಅಷ್ಟರಲ್ಲಿ ಒಡಹುಟ್ಟಿದ ತಮ್ಮ, ಅದೇ ಮನೆಯವನು, ಮಾತಿನಲ್ಲಿ ವಿಸರ್ಗ ಬಿಟ್ಟರೂ ಸಹಿಸದವನು, ‘ಹೌದು ಸಾರ್’ ಎಂದು ತಲೆಯಾಡಿಸಿದ. ಅದನ್ನು ನೋಡಿ ತೆರೆದ ಬಾಯಿ ಮುಚ್ಚಿಕೊಂಡರು. ಅವತ್ತಿನಿಂದ ಮುಚ್ಚಿಕೊಂಡೇ ಇದ್ದರು.

ನಿನ್ನೆ ಅವರ ಮುಡಿಯಲ್ಲಿ ಹೂವಿರಲಿಲ್ಲ. ಎರಡು ವರ್ಷ ತಪ್ಪಿಸದವರು ಈಗ ಯಾಕೆ ಬಿಟ್ಟರು ಎಂದು ನಾನು ಯೋಚಿಸಲೇ ಇಲ್ಲ, ಮಗನ ಚಿಂತೆ ಎಂದುಕೊಂಡೆ. ಮಗನಿಗೆ ತಿಲೋದಕ ಬಿಡಲು ನೆಂಟರು ಬಲವಂತ ಮಾಡಿದರೂ ಒಪ್ಪಿರಲಿಲ್ಲ, ತಾಯಿಯ ಹಟ ಎಂದುಕೊಂಡೆ. ಒಬ್ಬಂಟಿ ಹೆಂಗಸಿನ ಅಡುಗೆಮನೆಯಲ್ಲಿ ಬಾಣಲೆ ತುಂಬ ಪುಳಿಯೋಗರೆ ಕಲಸಿಟ್ಟಿತ್ತು, ಪಕ್ಕದಲ್ಲಿ ಊಟದ ಕ್ಯಾರಿಯರ್ ತೊಳೆದಿಟ್ಟಿತ್ತು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಗೆ ಹರಕೆ, ದಿನಾ ನೈವೇದ್ಯ ಒಯ್ಯುತ್ತೇನೆ ಎಂದಿದ್ದರು. ಪಾಪ ಎಂದುಕೊಂಡೆ.

ಗಂಡ ಇನ್ನು ಬರುವುದಿಲ್ಲ ಎಂದು ಆಕೆಗೆ ಯಾರೋ ಹೇಳಿದ್ದಾರೆ. ಕಣದ ಮೇಲೆ ನಿಂತದ್ದು ಯಾವ ಕಾರು ಎಂದು ಹೇಳಬಲ್ಲವನು ಒಬ್ಬನೇ. ಆ ಒಬ್ಬ ಹೇಗೋ ದಡ ಸೇರಿ, ತಾಯಿ ಅಡಗಿಸಿಟ್ಟ ಕಡೆ ಆ ಪುಳಿಯೋಗರೆ ಊಟ ಮಾಡುತ್ತಿದ್ದಾನೆ.

ಕೇದಾರ್ ಬದುಕಿದ್ದಾನೆ.

ಇಷ್ಟು ದಿನ ಕಾದಿದ್ದ ಆ ಮಾತು ಹೊಳೆದಾಗ ನನಗೆ ಸಂತೋಷವಾಗಲಿಲ್ಲ. ಯಾಕೆಂದರೆ ಎದುರಿಗೆ ಕೂತಿದ್ದವರ ತುಟಿಯೂ ಅಲುಗುತ್ತಿತ್ತು.

“ದಿನಾ ಹೋಗ್ತಾಳೆ,” ಎಂದರು ಮುರಳೀಕೃಷ್ಣ, ನನಗಲ್ಲ, ತಮಗೇ. “ನೈವೇದ್ಯಕ್ಕೆ ಕ್ಯಾರಿಯರ್ ಯಾಕೆ ಬೇಕು?”

“ಸಾರ್, ನಾನು ಹೇಳಿದ್ದು ಬರೀ ಊಹೆ. ಅಕ್ಕನವರು ಗಾಬರೀಲಿ ಗಮನಿಸದೇ ಇರಬಹುದು. ವಯಸ್ಸಾದವರು.”

ನನ್ನ ಸ್ವರ ನನಗೇ ನಂಬಿಕೆ ಹುಟ್ಟಿಸಲಿಲ್ಲ.

ಅವರು ಎದ್ದರು. ಪಂಚೆ ಕೊಡವಿ ಸರಿಮಾಡಿಕೊಂಡರು. ಮೊಬೈಲನ್ನೂ ಕೀಲಿಕೈಯನ್ನೂ ಎತ್ತಿಕೊಂಡರು.

“ಕೂತಿರಿ ಮೈತ್ರೇಯಿಯವರೇ. ಮನೆಯವಳು ಕಾಫಿ ತರ್ತಾಳೆ, ಕುಡಿದು ಹೊರಡಿ. ನನಗೆ ಒಂದು ಸಣ್ಣ ಕೆಲಸ ಜ್ಞಾಪಕ ಬಂತು.”

“ಎಲ್ಲಿಗೆ ಸಾರ್? ನಾನೂ ಬರ್ತೀನಿ.”

“ಬೇಡ. ಮನೆ ವಿಷಯ.”

ಅಡ್ಡ ನಿಂತೆ. ಅವರು ಜೋರು ಮಾಡಲಿಲ್ಲ, ತಳ್ಳಲಿಲ್ಲ. ಪಕ್ಕಕ್ಕೆ ಸರಿದು ಮೆಟ್ಟಿಲಿಳಿದು ಕಾರಿನ ಬಾಗಿಲು ತೆಗೆದರು. ಕಿಟಕಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಓಡಿದೆ. ಲಾರಿಯ ಪಕ್ಕದಿಂದ ನುಸುಳಿ ಬಿಳಿ ಮಾರುತಿ ಹಾಸನದ ರಸ್ತೆಗೆ ತಿರುಗಿತು.

ಬೀದಿಯಲ್ಲಿ ನಿಂತು ಗಂಗಾಧರಯ್ಯನವರಿಗೆ ಫೋನ್ ಹಚ್ಚಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು. ಮತ್ತೆ ಹಚ್ಚಿದೆ. ಅದೇ. ಕೇದಾರನ ಮಾತನ್ನು ನಡುವೆ ಕತ್ತರಿಸಿದ ಅದೇ ನೀರಿನ ಮೇಲೆ ಅವರು ಕೊಡೆ ಹಿಡಿದು ಕೂತು ಬಾವಿ ಮುಗಿಸುತ್ತಿದ್ದರು.

ಹಾಸನದ ಠಾಣೆಗೆ ಹಚ್ಚಿದೆ. ಎತ್ತಿದವನಿಗೆ ಕಣ, ಬಾವಿ, ಪುಳಿಯೋಗರೆ ಎಂದು ಒದರಿದೆ. “ಮೇಡಂ, ಸಮಾಧಾನವಾಗಿ ಹೇಳಿ, ಯಾವ ಬಾವಿ?” ಎಂದ. ದೊಡ್ಡಗದ್ದವಳ್ಳಿಗೆ ಜೀಪು ಕಳಿಸಿ ಎಂದೆ. ಊರಲ್ಲಿ ಎಲ್ಲಿಗೆ ಎಂದು ಕೇಳಿದ. ಎಲ್ಲಿಗೆ ಎಂದು ನನಗೂ ಗೊತ್ತಿರಲಿಲ್ಲ. ತಿಳಿದು ಹೇಳುತ್ತೇನೆ ಎಂದು ಇಟ್ಟೆ.

ಕೊನೆಗೆ ಶ್ರೀರಂಗಮ್ಮನವರ ಮನೆಯ ಫೋನು. ಬಹಳ ಹೊತ್ತು ಬಡಿದುಕೊಂಡಿತು. ಮನೆಗೆಲಸದ ಮಲ್ಲಿಗಮ್ಮ ಎತ್ತಿದಳು.

“ಅಮ್ಮಾವ್ರಿಲ್ಲ ಕಣವ್ವ. ಬೆಳಿಗ್ಗೆ ಬಸ್ಸಿಗೇ ಗುಡಿಗ್ ಓದ್ರು.”

“ಮಲ್ಲಿಗಮ್ಮ, ನೀನು ಯಾವತ್ತಾದ್ರೂ ಅವರ ಜೊತೆ ಹೋಗಿದ್ದೀಯಾ? ಕ್ಯಾರಿಯರ್ ಎಲ್ಲಿಗೆ ಒಯ್ತಾರೆ?”

“ಒಂದಿನ ಓಗಿದ್ದೆ, ಕ್ಯಾರಿಯರ್ ಭಾರ ಇತ್ತು ಅಂತವ. ಗುಡಿ ಹಿಂದ್ಲ ದ್ಯಾವಯ್ಯನ ಪಂಪ್‌ಸೆಟ್ ಮನೆ ಐತಲ್ಲ, ಅಲ್ಲಿ ಯಾರೋ ಕಾಯಿಲೆ ಮನ್ಸ ಅವ್ನಂತೆ. ಅವನಿಗೆ ಅನ್ನ ಹಾಕೋದು ಅಮ್ಮಾವ್ರ ಹರಕೆಯಂತೆ. ನಂಗೆ ಒಳೀಕೆ ಬರಬ್ಯಾಡ ಅಂದ್ರು.”

“ಈ ವಿಷಯ ಯಾರಿಗೂ ಹೇಳಬೇಡ. ಯಾರು ಕೇಳಿದ್ರೂ ಹೇಳಬೇಡ, ತಿಳೀತಾ?”



“ಅಂಗಂದ್ರೆ ಎಂಗವ್ವ,” ಎಂದಳು ಮಲ್ಲಿಗಮ್ಮ. “ಅವ್ರ ತಮ್ಮನೋರು ಈಗ್ತಾನೆ ಫೋನ್ ಮಾಡಿ ಇದ್ನೇ ಕೇಳಿದ್ರು. ಮನೆಯೋರೇ ಅಲ್ವಾ ಅಂತ ಯೋಳ್ದೆ ಕಣ.”